ಒಂದೇ ಕಾಡಿನ ಇಬ್ಬರು ನೆರೆಯವರು

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ದಾರಿಯಲ್ಲಿ ಉದ್ಯಮಬಾಗವೆಂಬ ಕಾರ್ಖಾನೆಗಳ ಪೇಟೆಯುಂಟು. ಕಬ್ಬಿಣವನ್ನು ಕರಗಿಸಿ ಎರಕ ಹೊಯ್ಯುವ ಕುಲುಮೆಗಳೂ ಯಂತ್ರದ ಬಿಡಿಭಾಗಗಳನ್ನು ಕಡೆಯುವ ಕಾರ್ಖಾನೆಗಳೂ ಅಲ್ಲಿ ಒತ್ತೊತ್ತಾಗಿ ನಿಂತಿವೆ. ಕುಲುಮೆಯ ಬೇಗೆಯ ಮುಂದೆ ದುಡಿಯುವವರಲ್ಲಿ ಬಿಹಾರ, ಉತ್ತರ ಪ್ರದೇಶ, ಒಡಿಶಾ ಮೊದಲಾದ ದೂರದ ಪ್ರಾಂತಗಳಿಂದ ಬಂದವರು ಹಲವರು. ಇಲ್ಲಿಯ ನಿವಾಸಿಗಳಾದ ನಮಗೆ ನೆರೆಹೊರೆಯ ಗೃಹಸ್ಥರ ಬಾಯಿಂದ ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆಯೊಂದಿದೆ. ಹೊರಗಿನವರು ಹೀಗೆಯೇ ಬರುತ್ತ ಹೋದರೆ ನಮ್ಮ ಊರಿನ ಗತಿಯೇನು, ನಮ್ಮ ಮಕ್ಕಳ ಉದ್ಯೋಗದ ಗತಿಯೇನು ಎಂಬದೇ ಆ ಪ್ರಶ್ನೆ. ಇದು ತಾಯಿತಂದೆಗಳ ಚಿಂತೆ. ಆದುದರಿಂದ ನಕ್ಕು ತೇಲಿಸಿಬಿಡತಕ್ಕದ್ದಲ್ಲ. ಈ ತಿಂಗಳು ಇದನ್ನೇ ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ಇಂಥ ಪ್ರಶ್ನೆಗೆ ಸಿಟ್ಟಿನಿಂದಾಗಲಿ ಬರಿಯ ಮರುಕದಿಂದಾಗಲಿ ಉತ್ತರ ಹೇಳಲಾಗದು. ಹಿಂದೆ ನಮ್ಮ ಸೀಮೆಗೆ ಬಂದವರ ಗತಿ ಏನಾಯಿತು, ಅವರಿಂದ ನಮಗೆ ಏನಾಯಿತು ಎಂಬದನ್ನು ಕಂಡು ಉತ್ತರವನ್ನು ಹುಡುಕಬೇಕು. ಅದಕ್ಕಾಗಿ ಬಹುದೂರ ಹೋಗಬೇಕಾದ ಕಾರಣವಿಲ್ಲ. ಖಾನಾಪುರ ತಾಲೂಕಿನ ಕಾಡು ದಕ್ಷಿಣಕ್ಕೆ ಹಬ್ಬಿ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಗೆ ಚಾಚಿಕೊಂಡಿದೆ. ಈ ಒಂದೇ ಕಾಡಿನ ಸೆರಗಿನಲ್ಲಿ, ಸಮುದ್ರದ ಆಚೆಯಿಂದ ಬಂದ ಸಿದ್ದಿಗಳೂ ಹಿಮಾಲಯದ ಆಚೆಯಿಂದ ಬಂದ ಟಿಬೇಟಿಯರೂ ನೆರೆಯವರಾಗಿ ಬಾಳುತ್ತಿದ್ದಾರೆ. ಮಣ್ಣು ಹೆಚ್ಚುಕಡಿಮೆ ಒಂದೇ, ಮಳೆ ಒಂದೇ, ಸರಕಾರವೂ ಒಂದೇ. ಹೀಗಿದ್ದರೂ ಇಬ್ಬರ ಸ್ಥಿತಿಗತಿಗಳಲ್ಲಿ ಅಜಗಜಾಂತರ. ಇದರ ಕಾರಣವನ್ನು ತಿಳಿದುಕೊಂಡರೆ ನಮ್ಮ ಪ್ರಶ್ನೆಯ ಗಂಟು ಅರ್ಧ ಬಿಚ್ಚಿದಂತಾಗುವದು.

ಮೊದಲು ಸಿದ್ದಿಗಳ ವಿಷಯ. ಇವರ ಪೂರ್ವಜರು ಆಫ್ರಿಕಾ ಖಂಡದ ಪೂರ್ವ ತೀರದವರು. ಹದಿನಾರನೆಯ ಶತಮಾನದಿಂದ ಮುಂದೆ ಪೋರ್ತುಗೀಜರು ಮೊಜಾಂಬಿಕ್ ಮುಂತಾದ ಕಡೆಗಳಿಂದ ಇವರನ್ನು ಹಡಗುಗಳಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರು. ಮನುಸ್ಮೃತಿಯಲ್ಲಿ ಏಳು ಬಗೆಯ ದಾಸರನ್ನು ಎಣಿಸಿದೆ. ಅವರಲ್ಲಿ ಬೆಲೆಗೆ ಕೊಂಡವನಿಗೆ ಕ್ರೀತನೆಂದು ಹೆಸರು. ಸಿದ್ದಿಗಳು ಈ ದೇಶಕ್ಕೆ ಬಂದದ್ದು ಹೀಗೆ ಕ್ರೀತರಾಗಿ. ಒಡೆಯನ ಕಾಟ ತಾಳಲಾರದೆ ಘಟ್ಟ ಹತ್ತಿ ಓಡಿ ಬಂದವರು ಕೆಲವರು. ಪೋರ್ತುಗೀಜರ ಆಳಿಕೆಯಲ್ಲಿ ೧೮೬೯ರಲ್ಲಿ ದಾಸ್ಯವು ರದ್ದಾದ ಮೇಲೆ ಹೊಟ್ಟೆಪಾಡಿಗಾಗಿ ಬಂದವರು ಕೆಲವರು. ಬಂದವರು ಊರುಗಳಲ್ಲಿ ನಿಲ್ಲಲು ಅಂಜಿ ಕಾಡು ಹೊಕ್ಕರು. ಓಡಿ ಬಂದವನಿಗೆ ಬೇಕಾದದ್ದು ಮರೆ. ಕಾಡು ಅದನ್ನು ಕೊಟ್ಟಿತು. ಆದರೆ ಕಾಡು ಪತ್ರ ಬರೆದುಕೊಡುವದಿಲ್ಲ. ಮುಂದೆ ಆಂಗ್ಲರ ಆಳಿಕೆಯಲ್ಲಿ ಕುಮರಿ ಬೇಸಾಯಕ್ಕೆ ಕಟ್ಟಳೆ ಬಿದ್ದು, ೧೮೭೮ರ ಅರಣ್ಯ ಕಾಯಿದೆಯಿಂದ ಕಾಡೆಲ್ಲ ಸರಕಾರದ ವಶವಾಗುತ್ತ ಹೋದಾಗ, ತಾನೇ ಕಡಿದು ಹಸನು ಮಾಡಿದ ತುಂಡು ನೆಲದಲ್ಲಿ ಸಿದ್ದಿಯು ಅತಿಕ್ರಮಣದಾರನೆನಿಸಿದನು. ನೆಲ ತಪ್ಪಿದವನು ತೋಟದವರ, ಗದ್ದೆಯವರ ಮನೆಯ ಆಳಾದನು. ಮದುವೆಗೆಂದೋ ರೋಗಕ್ಕೆಂದೋ ತಂದ ಸಾಲ ತೀರದೆ, ತಂದೆಯ ಜೀತ ಮಗನಿಗೆ ಬಂದಿತು. ದೇಶದಲ್ಲಿ ಜೀತಪದ್ಧತಿಯನ್ನು ಕಾಯಿದೆಯಿಂದ ತೊಡೆದದ್ದು ೧೯೭೬ರಲ್ಲಿ.

ಸಿದ್ದಿಗಳಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಯಲ್ಲಾಪುರ, ಅಂಕೋಲೆಗಳ ಕಡೆಗೆ ಹಿಂದೂಗಳು ಹೆಚ್ಚು. ಹಳಿಯಾಳದ ಕಡೆಗೆ ಕ್ರೈಸ್ತರೂ ಮುಸಲ್ಮಾನರೂ ಹೆಚ್ಚು. ಯಾವ ಒಡೆಯನ ಆಶ್ರಯ ದೊರೆಯಿತೋ ಆ ಒಡೆಯನ ಮತವೂ ಮಾತೂ ಬಹುಮಟ್ಟಿಗೆ ಇವರವಾದವು. ಆದುದರಿಂದ ಕೊಂಕಣಿ, ಮರಾಠಿ, ಉರ್ದು, ಕನ್ನಡಗಳು ಇವರ ಮನೆಮಾತುಗಳಾಗಿ, ತಾಯ್ನಾಡಿನ ಮಾತು ಅಳಿದುಹೋಯಿತು. ಉಳಿದದ್ದು ಡಮಾಮಿಯೆಂಬ ವಾದ್ಯದ ಬಡಿತ, ಕುಣಿತ, ಮತ್ತು ಹಳೆಯ ಬಟ್ಟೆಗಳ ತುಂಡುಗಳನ್ನು ಜೋಡಿಸಿ ಹೆಂಗಸರು ಹೊಲಿಯುವ ಬಣ್ಣಬಣ್ಣದ ಕೌದಿ. ಮೂರು ಮತಗಳಲ್ಲಿ ಹಂಚಿಹೋದರೂ ಸಿದ್ದಿಗಳೆಂಬ ಒಂದೇ ಹೆಸರಿನಿಂದ ತಮ್ಮನ್ನು ಕರೆದುಕೊಳ್ಳುವದನ್ನು ಅವರು ಬಿಡಲಿಲ್ಲ. ಇದು ಸಾಮಾನ್ಯವಾದ ಮನೋಬಲವಲ್ಲ.

ಇನ್ನು ಟಿಬೇಟಿಯರು. ಪೂಜ್ಯ ದಲಾಯಿ ಲಾಮಾ ಅವರು ೧೯೫೯ನೆಯ ಮಾರ್ಚಿಯಲ್ಲಿ ಸ್ವದೇಶವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಜನರು ಹಿಮದ ಕಣಿವೆಗಳನ್ನು ದಾಟಿ ಬಂದರು. ಇವರು ಶರಣಾಗತರು. ವಿಭೀಷಣನು ಬಂದು ನಿಂತಾಗ ಶ್ರೀರಾಮನ ಪಾಳೆಯದಲ್ಲಿಯೂ ಏಕಾಭಿಪ್ರಾಯವಿರಲಿಲ್ಲವೆಂಬದು ರಾಮಾಯಣವನ್ನು ಓದಿದವರಿಗೆಲ್ಲ ಗೊತ್ತು. ನಮ್ಮ ದೇಶದಲ್ಲಿ ಅಭಯವು ದೊರೆಯಿತು. ಮೊದಲ ದಿನಗಳಲ್ಲಿ ಬಹುಮಂದಿ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು; ಬಂಗಾಲದ ಬಕ್ಸಾ ಎಂಬಲ್ಲಿಯ ಹಳೆಯ ಸೆರೆಮನೆಯಲ್ಲಿ ಇಳಿದುಕೊಂಡ ಭಿಕ್ಷುಗಳಲ್ಲಿ ಅನೇಕರು ಕ್ಷಯರೋಗಕ್ಕೆ ತುತ್ತಾದರು. ಆಗಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆಯನ್ನು ಕೊಟ್ಟು ಮೊದಲನೆಯ ವಸತಿಗೆ ದಾರಿ ಮಾಡಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ೧೯೬೬ರಲ್ಲಿ, ಮುಂಡಗೋಡಿನ ಹತ್ತಿರ ಸುಮಾರು ೪,೦೦೦ ಎಕರೆ ಕಾಡುನೆಲದಲ್ಲಿ ಡೋಗುಲಿಂಗ್ ಎಂಬ ವಸತಿಯು ನೆಲೆಗೊಂಡಿತು. ಹುಬ್ಬಳ್ಳಿಯಿಂದ ಶಿರಸಿಗೆ ಹೋಗುವವರು ಈ ಕ್ಯಾಂಪುಗಳನ್ನು ಕಂಡಿರಬಹುದು. ೧೯೬೯ರ ಸುಮಾರಿಗೆ ಬಕ್ಸಾದಿಂದ ಬಂದ ಭಿಕ್ಷುಗಳು ಗಂದೆನ್, ಡ್ರೆಪುಂಗ್ ಎಂಬ ತಮ್ಮ ಪ್ರಾಚೀನ ಮಠಗಳನ್ನು ಇಲ್ಲಿ ಮರಳಿ ಸ್ಥಾಪಿಸಿದರು.

ಇವರ ಬಾಳು ಮೊದಲಿಗೆ ಸುಖದ್ದಾಗಿರಲಿಲ್ಲ. ಹಿಮದ ನಾಡಿನವರಿಗೆ ಇಲ್ಲಿಯ ಸೆಕೆ, ನುಸಿ, ಆಡುಮಳೆ ಎಲ್ಲವೂ ಹೊಸವು. ಯಾಕ್ ಮೇಯಿಸಿದ ಕೈ ಗೋವಿನಜೋಳ ಬಿತ್ತುವದನ್ನು ಕಲಿಯಬೇಕಾಯಿತು. ಗ್ರಂಥಾಭ್ಯಾಸ ಬಿಟ್ಟು ಬೇರೇನನ್ನೂ ಅರಿಯದ ಭಿಕ್ಷುಗಳೂ ಗುದ್ದಲಿ ಹಿಡಿದು ಬೇರು ಕಿತ್ತರು. ಆದರೆ ಅವರಿಗಿದ್ದ ಅನುಕೂಲಗಳನ್ನು ನಾವು ಎಣಿಸಬೇಕು. ಕಡಿಯುವ ಮೊದಲೇ ಆ ನೆಲ ಗೊತ್ತುಪಡಿಸಿದ್ದಾಗಿತ್ತು. ಕುಟುಂಬಗಳು ಚದುರದೆ ಒಟ್ಟಿಗೆ ಬಂದವು. ಹಿರಿಯರ ಮಾತನ್ನು ಕೇಳುವ ವಾಡಿಕೆ ಮುರಿದಿರಲಿಲ್ಲ. ಮಕ್ಕಳಿಗಾಗಿ ೧೯೬೧ರಲ್ಲಿಯೇ ಕೇಂದ್ರ ಸರಕಾರವು ಟಿಬೇಟಿಯರ ಶಾಲೆಗಳದೊಂದು ಪ್ರತ್ಯೇಕ ಆಡಳಿತ ಮಂಡಲವನ್ನು ಸ್ಥಾಪಿಸಿತು. ಸಹಕಾರ ಸಂಘದ ಮೂಲಕ ಬೀಜ, ಗೊಬ್ಬರ, ಟ್ರ್ಯಾಕ್ಟರು ದೊರೆತವು, ಆಸ್ಪತ್ರೆ ಬಂದಿತು. ಇವರ ಪುನರ್ವಸತಿಯ ಕೆಲಸಕ್ಕಾಗಿಯೇ ೧೯೬೮ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಹೊಲದ ಉತ್ಪನ್ನ ಸಾಲದಾದಾಗ ಚಳಿಗಾಲದಲ್ಲಿ ಲೂಧಿಯಾನಾದಿಂದ ಉಣ್ಣೆಯ ಸ್ವೆಟರುಗಳನ್ನು ತರಿಸಿ ಪಟ್ಟಣಗಳ ಬೀದಿಗಳಲ್ಲಿ ಮಾರುವ ವ್ಯಾಪಾರವನ್ನು ಕಲಿತರು. ನಮ್ಮ ವಾಚಕರ ಮನೆಗಳಲ್ಲಿ ಅಂಥ ಸ್ವೆಟರೊಂದಾದರೂ ಇದ್ದೀತು.

ಹೀಗೆ ಎರಡು ಚಿತ್ರಗಳನ್ನು ಮಗ್ಗುಲಲ್ಲಿ ಇಟ್ಟು ನೋಡಿದಾಗ, ಒಂದು ಜನ ಸ್ವಭಾವತಃ ಉದ್ಯೋಗಶೀಲರು, ಇನ್ನೊಂದು ಜನ ಸ್ವಭಾವತಃ ಆಲಸಿಗಳು ಎಂದು ಹೇಳಿ ಮುಗಿಸುವವರಿದ್ದಾರೆ. ಇದು ವಿಚಾರಹೀನವಾದ ಮಾತು. ಆಫ್ರಿಕಾದಿಂದ ದಾಸನಾಗಿಯೇ ಬಂದ ಮಲಿಕ್ ಅಂಬರನು ಅಹಮದನಗರದ ರಾಜ್ಯಭಾರವನ್ನೇ ನಡೆಯಿಸಿ, ಮೊಗಲರ ದಂಡನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿ, ೧೬೨೬ರಲ್ಲಿ ತೀರಿಕೊಂಡನು. ಕೊಂಕಣದ ಜಂಜೀರಾದ ಸಿದ್ದಿಗಳು ಕಡಲಕೋಟೆಯನ್ನು ಕಟ್ಟಿಕೊಂಡು ಸಂಸ್ಥಾನಿಕರಾಗಿ ಆಳಿದರು. ರಕ್ತ ಅದೇ, ಮೂಲ ಅದೇ. ದಂಡಿನಲ್ಲಿ ಪರಾಕ್ರಮಕ್ಕೆ ಅವಕಾಶವಿದ್ದಲ್ಲಿ ಸಿದ್ದಿಯು ಸೇನಾಪತಿಯಾದನು. ತೋಟದಲ್ಲಿ ಸಾಲದ ಹಗ್ಗವಿದ್ದಲ್ಲಿ ಜೀತದಾಳಾದನು. ಆದುದರಿಂದ ವ್ಯತ್ಯಾಸದ ಕಾರಣವನ್ನು ಬಂದವರ ಜಾತಿಯಲ್ಲಿ ಹುಡುಕದೆ, ಅವರು ಬಂದ ಬಗೆಯಲ್ಲಿ ಮತ್ತು ನಾವು ಬರಮಾಡಿಕೊಂಡ ಬಗೆಯಲ್ಲಿ ಹುಡುಕತಕ್ಕದ್ದು.

ಲೋಕದ ಬೇರೆ ಕಡೆಗಳಲ್ಲಿಯೂ ಇದೇ ಪಾಠ ದೊರೆಯುವದು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ೧೯೬೧ರಲ್ಲಿ ಸರ್ವಾಧಿಕಾರಿ ತ್ರುಹಿಯೋ ಹತನಾದ ಮೇಲೆ ಅಲ್ಲಿಯ ಜನರು ಗುಂಪುಗುಂಪಾಗಿ ನ್ಯೂಯಾರ್ಕಿಗೆ ಹೋಗಿ, ಪಟ್ಟಣದ ಉತ್ತರ ಭಾಗದ ಒಂದು ಕೇರಿಯಲ್ಲಿ ನೆಲಸಿ, ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿಯೂ ಕಿರಾಣಿ ಅಂಗಡಿಗಳಲ್ಲಿಯೂ ದುಡಿದರು. ಅದೇ ಕಾಲಕ್ಕೆ, ೧೯೬೮ರಲ್ಲಿ, ಪಶ್ಚಿಮ ಜರ್ಮನಿಯು ಯುಗೋಸ್ಲಾವಿಯದೊಡನೆ ಕರಾರು ಮಾಡಿಕೊಂಡು ಕೆಲಸಗಾರರನ್ನು ಕರೆಯಿಸಿತು. ಅವರಿಗೆ ಅತಿಥಿ ಕೆಲಸಗಾರರೆಂದು ಹೆಸರಿಟ್ಟಿತು. ಕೆಲಸ ಮುಗಿದ ಮೇಲೆ ಹೊರಟುಹೋಗುವರೆಂದು ನಂಬಿತು. ೧೯೭೩ರಲ್ಲಿ ಕರೆಯಿಸುವದನ್ನು ನಿಲ್ಲಿಸಿತು. ಆದರೆ ಬಂದವರಲ್ಲಿ ಅನೇಕರು ಹೋಗಲಿಲ್ಲ. ಹೆಂಡಿರು ಮಕ್ಕಳು ಬಂದರು, ಸಂಸಾರಗಳು ಬೇರುಬಿಟ್ಟವು. ಸಂಸ್ಕೃತದಲ್ಲಿ ತಿಥಿಯ ಗೊತ್ತಿಲ್ಲದೆ ಬರುವವನು ಅತಿಥಿ. ಬರುವ ತಿಥಿಯೇ ಗೊತ್ತಿಲ್ಲದವನಿಗೆ ಹೊರಡುವ ತಿಥಿಯನ್ನು ಗೊತ್ತುಮಾಡಿ ಕರೆಯಹೋದರೆ ಹೀಗೆಯೇ ಆಗುವದು. ದುಡಿಯಲು ಬಂದವನು ಬಾಳಲೂ ಬಂದಿರುವನೆಂಬದನ್ನು ಮೊದಲೇ ತಿಳಿದು ನಡೆಯುವದು ಜಾಣತನ.

ನಮ್ಮ ಕಾಡಿಗೆ ಮರಳೋಣ. ಟಿಬೇಟಿಯರಿಗೆ ಎಲ್ಲವೂ ದೊರೆತಿದೆ, ಅವರು ಭಾಗ್ಯವಂತರು ಎಂದು ಅಸೂಯೆಪಡುವವರಿಗೆ ಒಂದು ಮಾತು ಹೇಳಬೇಕಾಗಿದೆ. ಅವರು ಉಳುವ ನೆಲ ಅವರದಲ್ಲ, ಅದು ಗುತ್ತಿಗೆಯದು. ೨೦೧೪ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಪುನರ್ವಸತಿ ನೀತಿಯೂ ೨೦ ವರ್ಷಗಳ ಗುತ್ತಿಗೆಯ ಮಾತನ್ನೇ ಹೇಳುತ್ತದೆ. ಅವರಲ್ಲಿ ಬಹುಮಂದಿ ಪರದೇಶಿಗಳೆಂದು ದಾಖಲಾಗಿ, ನೋಂದಣಿಯ ಪತ್ರವನ್ನು ಕಾಲಕಾಲಕ್ಕೆ ಹೊಸದು ಮಾಡಿಸಿಕೊಳ್ಳುತ್ತ ಬಾಳುತ್ತಾರೆ. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರ ಒಳಗೆ ಈ ದೇಶದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರೆಂಬ ನಿಯಮವು ಟಿಬೇಟಿಯರಿಗೂ ಸಲ್ಲುವದೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು ೨೦೧೦ರಲ್ಲಿ ಹೇಳಿತು. ಆದರೆ ನಾಗರಿಕತ್ವವನ್ನು ಪಡೆದರೆ ಸ್ವದೇಶದ ಆಸೆಯನ್ನು ಬಿಟ್ಟಂತಾದೀತೆಂದು ಹಿಂಜರಿಯುವವರೂ ಅವರಲ್ಲಿದ್ದಾರೆ. ಕಲಿತ ತರುಣರು ಅಮೇರಿಕಾ, ಯೂರೋಪುಗಳಿಗೆ ಹೋಗುತ್ತಿದ್ದಾರೆ. ಮಠಗಳು ಭವ್ಯವಾಗಿವೆ, ಹಲವು ಮನೆಗಳಲ್ಲಿ ಮುದುಕರಷ್ಟೇ ಉಳಿದಿದ್ದಾರೆ. ಸಿದ್ದಿಗಳಾದರೋ ಈ ದೇಶದ ಪ್ರಜೆಗಳು, ಮತದಾರರು. ಆದರೆ ಕಾಲೂರಲು ನೆಲದ ಕಾಗದವಿಲ್ಲದವರು. ಒಬ್ಬರಿಗೆ ನೆಲವುಂಟು, ನಾಡಿಲ್ಲ. ಇನ್ನೊಬ್ಬರಿಗೆ ನಾಡುಂಟು, ನೆಲವಿಲ್ಲ. ಯಾರನ್ನು ಭಾಗ್ಯವಂತರೆನ್ನೋಣ?

ಕಾಗದವೊಂದರ ಬೆಲೆ ಎಷ್ಟೆಂಬದಕ್ಕೆ ನಮ್ಮ ತಾಲೂಕಿನಲ್ಲಿಯೇ ದೃಷ್ಟಾಂತವಿದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ೨೦೦೩ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಆದರೆ ಪಟ್ಟಿಯಲ್ಲಿ ಆ ಒಂದು ಜಿಲ್ಲೆಯ ಹೆಸರು ಮಾತ್ರವಿದ್ದುದರಿಂದ, ಹಳಿಯಾಳದ ಸಿದ್ದಿಗೆ ದೊರೆತ ಸ್ಥಾನವು ಗಡಿಯಾಚೆ ಖಾನಾಪುರದಲ್ಲಿದ್ದ ಅವನ ಬೀಗನಿಗೆ ದೊರೆಯಲಿಲ್ಲ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸುವ ಕಾಯಿದೆಗೆ ಸಂಸತ್ತಿನ ಒಪ್ಪಿಗೆ ದೊರೆತದ್ದು ೨೦೨೦ರಲ್ಲಿ. ನಡುವೆ ೧೭ ವರ್ಷಗಳು ಸಂದವು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವನು ೨೦೦೫ರ ಡಿಸೆಂಬರ್ ೧೩ಕ್ಕಿಂತ ಮೊದಲಿನಿಂದ ಕಾಡುನೆಲದಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ ೭೫ ವರ್ಷ, ಅಲ್ಲಿದ್ದ ಪುರಾವೆಯನ್ನು ಒದಗಿಸಬೇಕು. ಅಕ್ಷರವನ್ನೇ ಕಾಣದ ಅಜ್ಜನ ಕಾಲದ ಪುರಾವೆಯನ್ನು ಮೊಮ್ಮಗನು ಎಲ್ಲಿಂದ ತಂದಾನು? ಒಂದು ಶಬ್ದ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಒಂದು ತಲೆಮಾರಿನ ಮಕ್ಕಳ ವಿದ್ಯಾರ್ಥಿವೇತನವೂ ನೆಲದ ಹಕ್ಕೂ ತಡೆದು ನಿಂತವು.

ಆದರೂ ನಿರಾಶೆಗೆ ಕಾರಣವಿಲ್ಲ. ಸಿದ್ದಿಗಳ ಮನೆಗಳಿಂದ ಪದವೀಧರರು, ಶಿಕ್ಷಕರು, ಕ್ರೀಡಾಪಟುಗಳು, ನಾಟಕ ಕಲಾವಿದರು ಹೊರಬಂದಿದ್ದಾರೆ. ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ನಮ್ಮ ರಾಜ್ಯದ ಶಾಸನಸಭೆಯನ್ನು ಸೇರಿದ ಮೊದಲ ಸಿದ್ದಿಗಳೆನಿಸಿದರು. ಶರಣಾಗತರಿಗಾಗಿ ಮಾಡಿದ ಕೆಲಸವು ನಮಗೇ ಮರಳಿ ಬಂದ ಉದಾಹರಣೆಯೂ ಉಂಟು. ಟಿಬೇಟಿಯರಿಗಾಗಿ ಹುಟ್ಟಿದ ಮೈರಾಡ ಸಂಸ್ಥೆಯು ೧೯೮೦ರ ದಶಕದಲ್ಲಿ ನಮ್ಮ ಹಳ್ಳಿಗಳ ಬಡವರ ಕಡೆಗೆ ಹೊರಳಿ, ಸಣ್ಣ ಉಳಿತಾಯದ ಸ್ವಸಹಾಯ ಗುಂಪುಗಳನ್ನು ಕಟ್ಟಿತು. ೧೯೯೨ರಲ್ಲಿ ನಬಾರ್ಡು ಇಂಥ ಗುಂಪುಗಳಿಗೆ ಬ್ಯಾಂಕಿನ ಸಾಲವನ್ನು ಜೋಡಿಸುವ ಯೋಜನೆಯನ್ನು ಆರಂಭಿಸಿತು. ಇಂದು ವಾರಕ್ಕೊಮ್ಮೆ ಸಂಘದ ಪುಸ್ತಕದಲ್ಲಿ ಸಹಿ ಹಾಕುವ ನಮ್ಮ ವಾಚಕ ಭಗಿನಿಯರು, ಆ ಪುಸ್ತಕದ ಬೇರಿನ ಒಂದೆಳೆ ಪರದೇಶದಿಂದ ಬಂದವರ ವಸತಿಯಲ್ಲಿದೆಯೆಂದು ತಿಳಿದರೆ ಆಶ್ಚರ್ಯಪಟ್ಟಾರು. ಬಂದವರಿಗೆ ಮಾಡಿದ ವ್ಯವಸ್ಥೆ ಇದ್ದವರಿಗೂ ಉಪಯೋಗಕ್ಕೆ ಬರುವದು.

ಈಗ ಉದ್ಯಮಬಾಗದ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳೋಣ. ಕುಲುಮೆಯ ಕೆಲಸಗಾರನು ಕ್ರೀತನಲ್ಲ, ಶರಣಾಗತನೂ ಅಲ್ಲ. ಈ ದೇಶದ ಪ್ರಜೆಯೇ ಆಗಿ, ಪಗಾರಕ್ಕೆ ದುಡಿಯಲು ಬಂದ ಭೃತ್ಯನು. ಆದರೆ ಗುತ್ತೇದಾರನಿಂದ ಮುಂಗಡ ತೆಗೆದುಕೊಂಡು, ಗುರುತಿನ ಚೀಟಿಯನ್ನು ಅವನ ಕೈಯಲ್ಲಿ ಇಟ್ಟು, ಒಂದು ಕೋಲಿಯಲ್ಲಿ ಎಂಟು ಹತ್ತು ಜನರು ಮಲಗುವ ಸ್ಥಿತಿಗೆ ಬಂದರೆ, ಅವನು ಹಿಡಿದ ದಾರಿ ಸಿದ್ದಿಯ ಅಜ್ಜನ ದಾರಿಯೇ ಆಗುವದು. ೨೦೨೦ನೆಯ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ, ಇಂಥ ಕೆಲಸಗಾರರು ಹೆಂಡಿರು ಮಕ್ಕಳೊಡನೆ ನೂರಾರು ಮೈಲು ನಡೆದದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಪರಪ್ರಾಂತದ ಕೆಲಸಗಾರರ ರಕ್ಷಣೆಗೆಂದು ೧೯೭೯ರಷ್ಟು ಹಿಂದೆಯೇ ಕಾಯಿದೆ ಬಂದಿತ್ತು. ಆದರೂ ಅವರ ಲೆಕ್ಕ ಯಾರ ದಫ್ತರಿನಲ್ಲಿಯೂ ಸರಿಯಾಗಿ ಇರಲಿಲ್ಲ.

ನಮ್ಮ ಮಕ್ಕಳ ಉದ್ಯೋಗದ ಚಿಂತೆಗೂ ಉತ್ತರ ಇಲ್ಲಿಯೇ ಇದೆ. ಹೊರಗಿನವನು ಕಡಿಮೆ ಪಗಾರಕ್ಕೆ, ಹೆಚ್ಚು ಹೊತ್ತು, ಎದುರಾಡದೆ ದುಡಿಯುವನೆಂಬ ಕಾರಣದಿಂದಲೇ ಅವನನ್ನು ಕರೆತರುವದಾದರೆ, ಊರಿನ ಹುಡುಗನಿಗೆ ಕೆಲಸ ತಪ್ಪುವದು ನಿಜ. ಆದರೆ ಅದು ತಪ್ಪುವದು ಆ ಬಡವನ ದೆಸೆಯಿಂದಲ್ಲ; ಅವನಿಗೆ ಒಂದು ದರ, ಇವನಿಗೆ ಒಂದು ದರ ಎಂಬ ಭೇದದ ದೆಸೆಯಿಂದ. ಇಬ್ಬರಿಗೂ ಸಮನಾದ ಪಗಾರ, ಸಮನಾದ ರಜೆ, ಸಮನಾದ ವಿಮೆ ಇದ್ದಲ್ಲಿ, ಕೆಲಸ ಬಲ್ಲವನಿಗೆ ಕೆಲಸ ಸಿಗುವದು. ಊರಿನ ಹುಡುಗನು ಊರಿನವನೆಂಬ ಕಾರಣಕ್ಕೆ ಹಿಂದೆ ಬೀಳುವದಿಲ್ಲ. ಆದುದರಿಂದ ಹೊರಗಿನವನ ಹಕ್ಕನ್ನು ಕಾಯುವದು ಒಳಗಿನವನ ಅನ್ನವನ್ನು ಕಾಯುವದೇ ಆಗಿದೆ.

ಇದೆಲ್ಲ ಸರಕಾರದ ಕೆಲಸ, ಗೃಹಸ್ಥರಾದ ನಾವು ಮಾಡುವದೇನು ಎಂದು ವಾಚಕರು ಕೇಳಬಹುದು. ನಮ್ಮ ಕೈಯಲ್ಲಿ ಇರುವದೂ ಸ್ವಲ್ಪವಲ್ಲ. ಕೋಲಿ ಬಾಡಿಗೆಗೆ ಕೊಡುವವರು ಕರಾರನ್ನು ಬರೆದು ಕೊಡಲಿ, ಬಾಡಿಗೆಗೆ ರಸೀತಿ ಕೊಡಲಿ. ನಾಳೆ ಅವನಿಗೆ ಪುರಾವೆಯಾಗುವದು ಆ ಚೀಟಿಯೇ. ನೀರು, ಪಾಯಖಾನೆಗಳಿಗೆ ತಕ್ಕಷ್ಟು ಜನರನ್ನು ಮಾತ್ರ ಇಟ್ಟುಕೊಳ್ಳಲಿ. ಪಕ್ಕದ ಚಾಳಿನಲ್ಲಿ ಆರು ವರ್ಷ ದಾಟಿದ ಮಗು ಹಗಲೆಲ್ಲ ತಮ್ಮನನ್ನು ಎತ್ತಿಕೊಂಡು ಕುಳಿತಿದ್ದರೆ, ಅದನ್ನು ಹತ್ತಿರದ ಸರಕಾರಿ ಶಾಲೆಗೆ ಕರೆದೊಯ್ಯಲಿ. ಹಳೆಯ ಶಾಲೆಯ ದಾಖಲೆ ಬರಲಿಲ್ಲವೆಂದು ಮಗುವನ್ನು ಸೇರಿಸಿಕೊಳ್ಳದಿರಲು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಬರುವದಿಲ್ಲ. ತಮ್ಮ ಊರಿನ ರೇಶನ್ ಕಾರ್ಡಿನ ಮೇಲೆಯೇ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದೆಂಬದು ಅನೇಕ ಕೆಲಸಗಾರರಿಗೆ ತಿಳಿದಿರುವದಿಲ್ಲ. ತಿಳಿಸಿ ಹೇಳುವದಕ್ಕೆ ದುಡ್ಡು ಬೇಕಾಗದು. ಎಲ್ಲಕ್ಕೂ ಮೇಲಾಗಿ, ಅವರಿಗೆ ನಾಲ್ಕು ಮಾತು ಕನ್ನಡ ಕಲಿಸಲಿ. ಬಾವಿಕಟ್ಟೆಯಲ್ಲಿ, ಅಂಗಡಿಯ ಮುಂದೆ, ಹಬ್ಬದ ಹೋಳಿಗೆ ಕೊಡುವಾಗ ಕಲಿಸಿದ ಮಾತು ಶಾಲೆಯಲ್ಲಿ ಕಲಿಸಿದ್ದಕ್ಕಿಂತ ಗಟ್ಟಿಯಾಗಿ ನಿಲ್ಲುವದೆಂಬದು ಬಹುವರ್ಷ ಪಾಠ ಹೇಳಿದ ನಮ್ಮ ಅನುಭವ. ಬಂದವರಿಗೂ ಧರ್ಮವುಂಟು: ಊರಿನ ಮಾತನ್ನು ಕಲಿಯುವದು, ಊರಿನ ರೀತಿಯನ್ನು ಗೌರವಿಸುವದು. ಆದರೆ ಮಾತಾಡಿಸದವರಿಂದ ಯಾರೂ ಮಾತು ಕಲಿಯಲಾರರು.

ಇನ್ನು ಐವತ್ತು ವರ್ಷಗಳಿಗೆ ಉದ್ಯಮಬಾಗದ ಈ ಹೊಸ ನೆರೆಯವರ ಮೊಮ್ಮಕ್ಕಳು ಇಲ್ಲಿಯೇ ಇರುವರು. ಬಹುಶಃ ಕನ್ನಡದಲ್ಲಿಯೇ ಜಗಳವಾಡುವರು, ಕನ್ನಡದಲ್ಲಿಯೇ ಜೋಗುಳ ಹಾಡುವರು. ಅವರ ಕೈಯಲ್ಲಿ ಕಾಗದವಿರುವದೋ ಇಲ್ಲವೋ, ಅವರ ಮಕ್ಕಳು ಶಾಲೆಯ ಒಳಗೆ ಇರುವರೋ ಹೊರಗೆ ಇರುವರೋ ಎಂಬದು ಅವರ ಹಣೆಯ ಬರಹವಲ್ಲ. ಇಂದು ನಾವು ಬರೆಯುವ ಬರಹ. ವಾಚಕರು ಕೈಯಲ್ಲಿರುವ ಲೆಕ್ಕಣಿಕೆಯನ್ನು ವಿವೇಕದಿಂದ ಹಿಡಿಯಲೆಂದು ಪ್ರಾರ್ಥಿಸಿ ಈ ತಿಂಗಳ ಮಾತನ್ನು ಮುಗಿಸುತ್ತೇವೆ.